ಆರನೇ ತಿಂಗಳ ಮಗು: ಚಾಪೆ ಹಾಸಿ ಪಕ್ಕದಲ್ಲಿ ಕೂತು ಏನೇನು ನೋಡಬೇಕು?

ಮಗುವಿಗೆ ಐದು ತುಂಬಿ ಆರು ನಡೆಯುತ್ತಿದೆ ಅಂದರೆ ಸಾಕು, ಮನೆಗೆ ಬಂದವರೆಲ್ಲ ಕೇಳುವುದು ಒಂದೇ. "ಬೋರಲು ಬಿತ್ತಾ?" ಬಿತ್ತು ಅಂದರೆ "ಕೂರುತ್ತಾ?" ಕೂರುತ್ತೆ ಅಂದರೆ "ಹಲ್ಲು ಬಂತಾ?" ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಮೊದಲ ಸಲ ತಾಯಿಯಾದವಳಿಗೆ ಅದು ಪರೀಕ್ಷೆಯ ಪ್ರಶ್ನೆಯ ಹಾಗೆ ಕೇಳಿಸುತ್ತದೆ. ನನ್ನ ದೊಡ್ಡ ಮಗ ಆರು ತಿಂಗಳು ತುಂಬಿದ ದಿನ ಬೆನ್ನ ಮೇಲೆ ಮಲಗಿಕೊಂಡು ಫ್ಯಾನ್ ನೋಡಿ ನಗುತ್ತಿದ್ದ. ಪಕ್ಕದ ಮನೆಯ ಪಾಪು ಅವನಿಗಿಂತ ಹತ್ತು ದಿನ ಚಿಕ್ಕದು. ಅದು ಆಗಲೇ ಮಗುಚಿಕೊಂಡು ಚಾಪೆಯ ಆಚೆ ಹೋಗುತ್ತಿತ್ತು. ನಾನು ರಾತ್ರಿಯೆಲ್ಲ ಫೋನ್ ಹಿಡಿದು ಹುಡುಕುತ್ತಾ ಕೂತಿರುತ್ತಿದ್ದೆ.

ಕೊನೆಗೆ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅವರು ಮೊದಲು ಕೇಳಿದ್ದು "ಎಷ್ಟು ವಾರಕ್ಕೆ ಹುಟ್ಟಿದ್ದು?" ಅಂತ. 34 ವಾರಕ್ಕೆ ಅಂದೆ. ಮೇಜಿನ ಮೇಲಿದ್ದ ಕ್ಯಾಲೆಂಡರ್ ತಿರುಗಿಸಿ ಲೆಕ್ಕ ಹಾಕಿ, "ಇವನನ್ನ ಆರು ತಿಂಗಳಿನವನು ಅಂತ ನೋಡ್ಬೇಡಿ ಅಮ್ಮ, ನಾಲ್ಕೂವರೆ ಅಂತ ನೋಡಿ" ಅಂದರು. ಆಮೇಲೆ ಅವನ ಕೈಕಾಲು ಹಿಡಿದು, ಎತ್ತಿ, ಬೋರಲು ಮಲಗಿಸಿ ನೋಡಿದರು. ಎಲ್ಲ ಸರಿ ಇತ್ತು.

ಆಗ ಕಲಿತದ್ದನ್ನು, ಮತ್ತೆ ಮಗಳ ಹೊತ್ತಿಗೆ ಕಲಿತದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ತಾರೀಖು ಹಿಡಿದು ಹೋಲಿಸುವುದನ್ನು ಬಿಡಿ, ನಿಮ್ಮ ಮಗುವನ್ನೇ ಒಂದು ವಾರ ಸರಿಯಾಗಿ ನೋಡಿ. ಹಾಗೆ ನೋಡುವಾಗ ಕೆಲವು ಲಕ್ಷಣ ಕಂಡರೆ ಮಾತ್ರ ಒಂದು ದಿನವೂ ಕಾಯಬೇಡಿ.

1. ಮೊದಲು ವಯಸ್ಸು ಸರಿಯಾಗಿ ಲೆಕ್ಕ ಹಾಕಿ

ಮಗು 37 ವಾರಕ್ಕೆ ಮೊದಲು ಹುಟ್ಟಿದ್ದರೆ ಹುಟ್ಟಿದ ದಿನದಿಂದ ಎಣಿಸಬೇಡಿ. ಡಾಕ್ಟರು ಹೆರಿಗೆಗೆ ಕೊಟ್ಟಿದ್ದ ತಾರೀಖಿನಿಂದ ಎಣಿಸಿ. ಆರು ವಾರ ಮೊದಲೇ ಹುಟ್ಟಿದ ಮಗುವಿಗೆ ಆರು ತಿಂಗಳು ತುಂಬಿದರೂ, ಬೆಳವಣಿಗೆ ನೋಡುವಾಗ ಅದು ನಾಲ್ಕೂವರೆ ತಿಂಗಳಿನದು. ಎರಡು ವರ್ಷ ತುಂಬುವವರೆಗೂ ಹೀಗೇ ಲೆಕ್ಕ ಹಾಕುತ್ತಾರೆ. ಲಸಿಕೆಗೆ ಮಾತ್ರ ಈ ಲೆಕ್ಕ ಇಲ್ಲ. ಅದನ್ನು ಹುಟ್ಟಿದ ದಿನದಿಂದಲೇ ಎಣಿಸಿ ಹಾಕಿಸಬೇಕು.

ಇನ್ನೊಂದು ಮಾತು. ಸಾಮಾನ್ಯ ಅನ್ನುವುದರ ಹರವು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದೆ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ 2006ರಲ್ಲಿ ಒಂದು ಲೆಕ್ಕ ಕೊಟ್ಟಿತು. ಅದರಲ್ಲಿ ದೆಹಲಿಯ ಮಕ್ಕಳೂ ಇದ್ದರು. ಆಸರೆ ಇಲ್ಲದೆ ಕೂರುವುದಕ್ಕೆ ಅವರು ಕೊಟ್ಟ ಅವಧಿ 3.8 ತಿಂಗಳಿನಿಂದ 9.2 ತಿಂಗಳು. ಅಂಬೆಗಾಲಿಗೆ 5.2ರಿಂದ 13.5 ತಿಂಗಳು. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲು ಇಡಲೇ ಇಲ್ಲ, ನೇರ ಎದ್ದು ನಿಂತವು. ಹಾಗಾಗಿ ಪಕ್ಕದ ಮನೆಯ ಪಾಪು ಒಂದು ತಿಂಗಳು ಮುಂದಿದೆ ಅಂತ ಯಾರಾದರೂ ಹೇಳಿದರೆ ಅದು ನಿಮ್ಮ ಮಗುವಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

2. ಒಂದು ಚಾಪೆ, ಒಂದು ಹೊತ್ತು, ಏಳು ದಿನ

ನೆಲದ ಮೇಲೆ ಚಾಪೆ ಹಾಸಿ, ಅದರ ಮೇಲೆ ಒಂದು ಜಮಖಾನ ಅಥವಾ ಕೌದಿ ಹಾಕಿ. ಹಾಸಿಗೆ ಬೇಡ. ಮೆತ್ತನೆ ಹಾಸಿಗೆಯಲ್ಲಿ ಮಗುವಿಗೆ ಕೈ ಊರಿ ಏಳಲು ಗಟ್ಟಿ ನೆಲೆ ಸಿಗುವುದಿಲ್ಲ. ಮಗು ನಿದ್ದೆ ಮುಗಿಸಿ, ಹಾಲು ಕುಡಿದು, ಅರ್ಧ ಗಂಟೆ ಆಗಿರಲಿ. ಹಸಿದ ಮಗು, ನಿದ್ದೆ ಬಂದ ಮಗು ಏನನ್ನೂ ಮಾಡುವುದಿಲ್ಲ. ಎಣ್ಣೆ ನೀರು ಹಾಕಿಸಿಕೊಂಡು ಬಂದ ತಕ್ಷಣವೂ ಬೇಡ, ಆಗ ಕಣ್ಣು ತೂಗುತ್ತಿರುತ್ತದೆ. ದಪ್ಪ ಬಟ್ಟೆ, ಕಾಲುಚೀಲ ಬಿಚ್ಚಿ. ಬರಿಗಾಲು ನೆಲಕ್ಕೆ ತಾಗಲಿ.

ನೀವೂ ನೆಲದ ಮೇಲೆ ಕೂರಬೇಕು. ಟಿವಿ ಆರಿಸಿ, ಫೋನ್ ಆಚೆ ಇಡಿ. ದಿನಕ್ಕೆ ಕಾಲು ಗಂಟೆ ಸಾಕು. ಒಂದೇ ದಿನ ನೋಡಿ ತೀರ್ಮಾನ ಮಾಡಬೇಡಿ. ಸೋಮವಾರ ಮಾಡದ್ದನ್ನು ಗುರುವಾರ ಮಾಡುವ ವಯಸ್ಸು ಇದು. ಒಂದು ಪುಸ್ತಕದಲ್ಲಿ ತಾರೀಖು ಹಾಕಿ ಒಂದೊಂದು ಸಾಲು ಬರೆದಿಡಿ. "ಇವತ್ತು ಎಡಗಡೆಗೆ ಹೊರಳಿದ. ಬಲಗೈ ಕೆಳಗೆ ಸಿಕ್ಕಿಕೊಂಡಿತು." ಅಷ್ಟು ಸಾಕು. ಡಾಕ್ಟರ ಮುಂದೆ ಕೂತಾಗ ನಮಗೆ ಏನೂ ನೆನಪಾಗುವುದಿಲ್ಲ, ಆಗ ಈ ಸಾಲುಗಳು ಕೆಲಸಕ್ಕೆ ಬರುತ್ತವೆ.

3. ಬೋರಲು ಮಲಗಿಸಿ ನೋಡಿ

ಮಗುವನ್ನು ಹೊಟ್ಟೆ ಮೇಲೆ ಮಲಗಿಸಿ, ಅದಕ್ಕೆ ನಿಮ್ಮ ಮುಖ ಕಾಣುವ ಹಾಗೆ ಎದುರಿಗೆ ನೀವೂ ಬೋರಲು ಮಲಗಿ. ಮೂರ್ನಾಲ್ಕು ತಿಂಗಳಲ್ಲಿ ಮೊಣಕೈ ಊರಿ ತಲೆ ಎತ್ತುತ್ತಿದ್ದ ಮಗು ಈಗ ಅಂಗೈ ಊರಿ, ಕೈ ನೇರ ಮಾಡಿ, ಎದೆಯನ್ನು ನೆಲದಿಂದ ಮೇಲೆತ್ತುತ್ತದೆ. ಕತ್ತು ಗಟ್ಟಿ ನಿಂತಿರುತ್ತದೆ. ಸುತ್ತಮುತ್ತ ತಿರುಗಿ ನೋಡುತ್ತದೆ. ಒಂದು ಕೈ ಮೇಲೆ ಭಾರ ಹಾಕಿ ಇನ್ನೊಂದು ಕೈ ಚಾಚಿ ಗಿಲಕಿ ಎಳೆದುಕೊಳ್ಳುವ ಪ್ರಯತ್ನ ಮಾಡುತ್ತದೆ. ಕೆಲವು ಮಕ್ಕಳು ಹೊಟ್ಟೆಯ ಮೇಲೇ ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತವೆ. ಕೆಲವು ಹಿಂದಕ್ಕೆ ಜಾರುತ್ತವೆ. ಮುಂದೆ ಇಟ್ಟ ಗೊಂಬೆ ದೂರ ಆಗುತ್ತಲೇ ಹೋಗುತ್ತದೆ, ಅದಕ್ಕೆ ಸಿಟ್ಟು ಬಂದು ಅಳುತ್ತದೆ. ಕಾಲಿಗಿಂತ ಮೊದಲು ಕೈಗೆ ಬಲ ಬರುವುದರಿಂದ ಹೀಗಾಗುತ್ತದೆ.

ಆರನೇ ತಿಂಗಳ ಹೊತ್ತಿಗೆ ಹೆಚ್ಚಿನ ಮಕ್ಕಳು ಹೊಟ್ಟೆಯಿಂದ ಬೆನ್ನಿಗೆ ಹೊರಳುತ್ತವೆ. ನಮ್ಮಲ್ಲಿ ಮಕ್ಕಳನ್ನು ಜಾಸ್ತಿ ಬೆನ್ನ ಮೇಲೆ, ತೊಟ್ಟಿಲಲ್ಲಿ, ತೊಡೆಯ ಮೇಲೆ ಇಡುತ್ತೇವೆ. ಹಾಗಾಗಿ ಎಷ್ಟೋ ಮಕ್ಕಳು ಬೆನ್ನಿನಿಂದ ಹೊಟ್ಟೆಗೆ ಬೀಳುವುದನ್ನೇ ಮೊದಲು ಕಲಿಯುತ್ತವೆ. ಯಾವುದು ಮೊದಲಾದರೂ ಸರಿ.

ಬೋರಲು ಹಾಕಿದರೆ ಕಿರುಚುತ್ತದೆ ಅಂತ ಹಾಕುವುದನ್ನೇ ನಿಲ್ಲಿಸಬೇಡಿ. ಇನ್ನೂ ತೆವಳದ ಮಕ್ಕಳನ್ನು ಎಚ್ಚರ ಇರುವಾಗ ದಿನಕ್ಕೆ ಒಟ್ಟು ಅರ್ಧ ಗಂಟೆಯಾದರೂ ಬೋರಲು ಆಡಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದೇ ಸಲ ಅಲ್ಲ, ಐದು ನಿಮಿಷ, ಹತ್ತು ನಿಮಿಷ ಅಂತ ಹಂಚಿ. ಮಗ ಚಾಪೆ ಮೇಲೆ ಎರಡು ನಿಮಿಷ ಇರುತ್ತಿರಲಿಲ್ಲ. ನನ್ನ ಅತ್ತೆ ಗೋಡೆಗೆ ಒರಗಿ ಕೂತು, ಕಾಲು ನೀಡಿ, ಅವನನ್ನು ತೊಡೆಗೆ ಅಡ್ಡಲಾಗಿ ಬೋರಲು ಹಾಕಿಕೊಂಡು, ಮುಂದೆ ಸ್ಟೀಲ್ ತಟ್ಟೆ ಇಟ್ಟು ಅದರಲ್ಲಿ ಅವನ ಮುಖ ತೋರಿಸುತ್ತಿದ್ದರು. ಅವನು ತಟ್ಟೆಯಲ್ಲಿ ಕಾಣುವ ಪಾಪುವನ್ನು ಮುಟ್ಟಲು ಕತ್ತು ಎತ್ತಿ ಎತ್ತಿ ನೋಡುತ್ತಿದ್ದ. ಹದಿನೈದು ದಿನದಲ್ಲಿ ಕೈ ಊರಿದ.

ರಾತ್ರಿ ಮಲಗಿಸುವಾಗ ಮಾತ್ರ ಬೆನ್ನ ಮೇಲೆ. ನಿದ್ದೆಯಲ್ಲಿ ತಾನಾಗಿ ಮಗುಚಿಕೊಂಡು, ಎರಡೂ ಕಡೆ ಹೊರಳಲು ಬರುವ ಮಗುವಾದರೆ ಅದನ್ನು ತಿರುಗಿಸುತ್ತಾ ಕೂರಬೇಕಿಲ್ಲ. ಆದರೆ ಹೊರಳಲು ಶುರು ಮಾಡಿದ ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸಬಾರದು. ಕೈ ಆಡಿಸಲು ಆಗದೆ ಮುಖ ಹಾಸಿಗೆಗೆ ಒತ್ತಿಕೊಳ್ಳಬಹುದು.

4. ಕೂರಿಸಿ ನೋಡಿ, ಆದರೆ ಒತ್ತಾಯ ಬೇಡ

ಮಗುವಿನ ಕಾಲು ಅಗಲ ಮಾಡಿ ಚಾಪೆಯ ಮೇಲೆ ಕೂರಿಸಿ, ಸೊಂಟ ಹಿಡಿದುಕೊಳ್ಳಿ. ಆರನೇ ತಿಂಗಳಲ್ಲಿ ಮಗು ಎರಡೂ ಕೈಯನ್ನು ಮುಂದೆ ಊರಿ, ಬೆನ್ನು ಬಾಗಿಸಿ ಕೂರುತ್ತದೆ. ಎರಡು ಕೈ ಮತ್ತು ಕುಂಡೆ ಸೇರಿ ಮುಕ್ಕಾಲಿಯ ಹಾಗೆ ನಿಲ್ಲುತ್ತದೆ. ಕೆಲವು ಸೆಕೆಂಡು ಆದ ಮೇಲೆ ಪಕ್ಕಕ್ಕೆ ವಾಲುತ್ತದೆ. ಈ ವಯಸ್ಸಿಗೆ ಅಷ್ಟು ಸಾಕು. ಕೈ ಬಿಟ್ಟು ನೆಟ್ಟಗೆ ಕೂತು ಆಡುವುದು ಏಳು, ಎಂಟು, ಒಂಬತ್ತರಲ್ಲಿ ಬರುತ್ತದೆ.

ಸುತ್ತ ದಿಂಬು ಇಟ್ಟು ಗಂಟೆಗಟ್ಟಲೆ ಕೂರಿಸುವುದರಿಂದ ಮಗು ಬೇಗ ಕೂರುವುದಿಲ್ಲ. ಬೆನ್ನಿಗೆ, ಸೊಂಟಕ್ಕೆ ಬಲ ಬರುವುದು ನೆಲದ ಮೇಲೆ ಹೊರಳಾಡುವುದರಿಂದ.

ವಾಕರ್ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ. ಚಕ್ರ ಇರುವ ವಾಕರ್ ಕೊಡಬೇಡಿ. ಯಾರಾದರೂ ಉಡುಗೊರೆ ಕೊಟ್ಟರೂ ಅಟ್ಟಕ್ಕೆ ಹಾಕಿ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಬದಲಿಗೆ ತಡವಾಗಬಹುದು. ಮೆಟ್ಟಿಲಿನಿಂದ ಉರುಳುವ, ಒಲೆ ಕಡೆ ಹೋಗುವ, ಮೇಜಿನ ಮೇಲಿನ ಬಿಸಿ ಟೀ ಎಳೆದುಕೊಳ್ಳುವ ಅಪಾಯ ಅದರಲ್ಲಿ ಇದೆ. ಕೆನಡಾ ದೇಶ 2004ರಲ್ಲೇ ಇದರ ಮಾರಾಟ ನಿಷೇಧಿಸಿದೆ.

5. ಎರಡು ಚಮಚದಿಂದ ಕೈ ನೋಡಿ

ನನಗೆ ತುಂಬಾ ಇಷ್ಟವಾದ ಭಾಗ ಇದು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಎದುರಿಗೆ ಒಂದು ಚಿಕ್ಕ ಸ್ಟೀಲ್ ಚಮಚ ಹಿಡಿಯಿರಿ. ಆರು ತಿಂಗಳ ಮಗು ಅದನ್ನು ನೋಡಿ, ಕೈ ಚಾಚಿ, ಐದೂ ಬೆರಳಿನಿಂದ ಬಾಚಿ ಹಿಡಿಯುತ್ತದೆ. ಹಿಡಿದದ್ದು ನೇರ ಬಾಯಿಗೆ. ಬಾಯಿಗೆ ಹಾಕುವುದನ್ನು ಕೆಟ್ಟ ಅಭ್ಯಾಸ ಅಂತ ಬಿಡಿಸಬೇಡಿ, ಈ ವಯಸ್ಸಿನಲ್ಲಿ ವಸ್ತುವಿನ ಪರಿಚಯ ಆಗುವುದೇ ಬಾಯಿಯಿಂದ. ಚಮಚ ತೊಳೆದು ಕೊಟ್ಟರೆ ಆಯಿತು.

ಈಗ ಎರಡನೇ ಚಮಚ ತೋರಿಸಿ. ಸುಮ್ನೆ ನೋಡಿ. ಮಗಳಿಗೆ ಐದೂವರೆ ಇದ್ದಾಗ ಎರಡನೆಯದು ಕಂಡ ಕೂಡಲೇ ಮೊದಲನೆಯದನ್ನು ಬಿಟ್ಟುಬಿಡುತ್ತಿದ್ದಳು. ಠಣ್ ಅಂತ ಸದ್ದಾಗುತ್ತಿತ್ತು, ಬಿದ್ದದ್ದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮೂರು ವಾರ ಆದ ಮೇಲೆ ಒಂದು ಬೆಳಿಗ್ಗೆ ಎರಡನೇ ಚಮಚ ತೋರಿಸಿದಾಗ ಅವಳು ತಡೆದಳು. ಕೈಯಲ್ಲಿದ್ದದ್ದನ್ನು ನೋಡಿದಳು. ಬಲಗೈ ಚಮಚವನ್ನು ಎಡಗೈಗೆ ತಂದು, ಎರಡೂ ಕೈಯಲ್ಲಿ ಒಂದು ಕ್ಷಣ ಹಿಡಿದುಕೊಂಡು, ಬಲಗೈ ಬೆರಳು ಒಂದೊಂದಾಗಿ ಬಿಡಿಸಿದಳು. ಆಮೇಲೆ ಖಾಲಿಯಾದ ಕೈಯನ್ನು ನನ್ನ ಕಡೆ ಚಾಚಿದಳು. ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುವುದು ಅಂದರೆ ಇದೇ. ಆರು ಏಳು ತಿಂಗಳ ನಡುವೆ ಬರುತ್ತದೆ. ಬಿದ್ದ ಚಮಚ ಎಲ್ಲಿ ಹೋಯಿತು ಅಂತ ಬಗ್ಗಿ ಹುಡುಕುವುದೂ ಇದೇ ಸುಮಾರಿನಲ್ಲಿ ಶುರುವಾಗುತ್ತದೆ. ಕಣ್ಣಿಗೆ ಕಾಣದೇ ಹೋದ ವಸ್ತು ಎಲ್ಲೋ ಇದ್ದೇ ಇದೆ ಅಂತ ಮಗುವಿಗೆ ತಿಳಿಯಲು ಶುರುವಾಗಿದೆ ಅಂತ ಅರ್ಥ.

ಇಲ್ಲಿ ಒಂದು ಎಚ್ಚರ ಬೇಕು. ಮಗು ಯಾವಾಗಲೂ ಒಂದೇ ಕೈ ಬಳಸುತ್ತಿದ್ದರೆ, ಇನ್ನೊಂದು ಕೈ ಮುಷ್ಟಿ ಬಿಚ್ಚದೇ ಇದ್ದರೆ "ಎಡಚ ಆಗ್ತಾನೆ" ಅಂತ ನಕ್ಕು ಬಿಡಬೇಡಿ. ಎಡಗೈ ಬಲಗೈ ಅನ್ನುವ ಒಲವು ಇಷ್ಟು ಬೇಗ ಕಾಣಿಸಿಕೊಳ್ಳುವುದಿಲ್ಲ. ಇನ್ನೊಂದು ಕೈಗೆ ಬಲ ಇಲ್ಲದಿರಬಹುದು. ಡಾಕ್ಟರಿಗೆ ತೋರಿಸಿ.

6. ಕಿವಿ ಮತ್ತು ದನಿ

ಕಿವಿ ಕೇಳುತ್ತಾ ಅಂತ ನೋಡಲು ನಾವು ಮಾಡುವುದು ಏನು? ಎದುರಿಗೆ ನಿಂತು ಚಪ್ಪಾಳೆ ತಟ್ಟುತ್ತೇವೆ, ತಟ್ಟೆ ಬಡಿಯುತ್ತೇವೆ. ಮಗು ಕೈ ಅಲ್ಲಾಡಿದ್ದನ್ನು ನೋಡಿ ತಿರುಗಿರುತ್ತದೆ. ಹಾಗಲ್ಲ. ಒಬ್ಬರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಎದುರಿಗೆ ಒಂದು ಗೊಂಬೆ ತೋರಿಸುತ್ತಿರಲಿ. ಇನ್ನೊಬ್ಬರು ಹಿಂದೆ, ಮಗುವಿನ ಕಣ್ಣಿಗೆ ಕಾಣದ ಹಾಗೆ, ಒಂದು ಕೈಯಳತೆ ದೂರದಲ್ಲಿ ಕೂತು ಮೆಲ್ಲಗೆ ಗಿಲಕಿ ಆಡಿಸಲಿ, ಇಲ್ಲವೇ ಮೆಲ್ಲಗೆ ಹೆಸರು ಕರೆಯಲಿ. ಚನ್ನಪಟ್ಟಣದ ಮರದ ಗಿಲಕಿ ಇದ್ದರೆ ಒಳ್ಳೆಯದು, ಸದ್ದು ಮೆತ್ತಗಿರುತ್ತದೆ. ಒಮ್ಮೆ ಬಲಗಡೆ, ಒಮ್ಮೆ ಎಡಗಡೆ ಮಾಡಿ. ಮಗು ಸದ್ದು ಬಂದ ಕಡೆಗೆ ತಲೆ ತಿರುಗಿಸಬೇಕು.

ಇದು ಮನೆಯ ಅಂದಾಜು, ಪರೀಕ್ಷೆ ಅಲ್ಲ. ಹುಟ್ಟಿದಾಗ ಯಂತ್ರದಲ್ಲಿ ಕಿವಿ ಪರೀಕ್ಷೆ ಮಾಡಿಸದೇ ಇದ್ದರೆ ಈಗಲಾದರೂ ಮಾಡಿಸಿ. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ದೋಷ ಏನು ಅಂತ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು ಅನ್ನುವುದು ಕಿವಿ ತಜ್ಞರು ಹೇಳುವ ಗುರಿ. ಕಿವಿ ಕೇಳದ ಮಗುವೂ ಮೊದಲ ತಿಂಗಳುಗಳಲ್ಲಿ ಆ, ಊ ಅನ್ನುತ್ತದೆ, ನಗುತ್ತದೆ. ಅದಕ್ಕೇ ಮನೆಯವರಿಗೆ ಗೊತ್ತಾಗುವುದಿಲ್ಲ.

ದನಿಯ ವಿಷಯಕ್ಕೆ ಬಂದರೆ, ಆರನೇ ತಿಂಗಳ ಮಗು ತುಟಿ ಸೇರಿಸಿ ಬುರ್‌ರ್ ಅನ್ನುತ್ತದೆ. ಎಂಜಲು ಹಾರುತ್ತದೆ. ಕೀಚಲು ದನಿ ತೆಗೆಯುತ್ತದೆ. ನೀವು ಏನಾದರೂ ಹೇಳಿ ನಿಲ್ಲಿಸಿದರೆ ಅದು ತನ್ನ ಸರದಿ ಅನ್ನುವ ಹಾಗೆ ಏನೋ ಹೇಳುತ್ತದೆ. ಈ ಸರದಿಯೇ ಮಾತಿನ ಬೇರು. ಬಬಬ, ದದದ, ಮಮಮ ಅಂತ ಅಕ್ಷರ ಸೇರಿಸುವುದು ಆರರಿಂದ ಹತ್ತು ತಿಂಗಳ ನಡುವೆ ಬರುತ್ತದೆ. "ಅಮ್ಮಮ್ಮ" ಅಂದರೆ ನಿಮ್ಮನ್ನೇ ಕರೆದದ್ದು ಅಂತ ಇನ್ನೂ ಹೇಳಲಾಗದು. ಆದರೂ ನೀವು "ಏನಮ್ಮಾ, ಬಂದೆ" ಅಂತ ಓಗೊಡಿ. ಓಗೊಟ್ಟಷ್ಟೂ ಆ ದನಿಗೆ ಅರ್ಥ ಸೇರುತ್ತದೆ.

ಮನೆಯಲ್ಲಿ ಎರಡು ಮೂರು ಭಾಷೆ ಇದ್ದರೆ ಮಗುವಿಗೆ ಗೊಂದಲ ಆಗುತ್ತದೆ, ಮಾತು ತಡ ಆಗುತ್ತದೆ ಅನ್ನುವುದು ಸರಿಯಲ್ಲ. ಬೆಂಗಳೂರಿನಲ್ಲಿ ಇರಲಿ, ಪುಣೆಯಲ್ಲಿ ಇರಲಿ, ಅಮೆರಿಕದಲ್ಲಿ ಇರಲಿ, ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮಾತಾಡಿ. ಟಿವಿ, ಮೊಬೈಲ್ ವಿಡಿಯೊ ಎರಡು ವರ್ಷದವರೆಗೂ ಬೇಡವೇ ಬೇಡ. ದೂರದ ಊರಿನ ಅಜ್ಜಿ ತಾತನ ಜೊತೆ ವಿಡಿಯೊ ಕರೆ ಮಾಡುವುದು ಬೇರೆ. ಅಲ್ಲಿ ಮಗು ನಕ್ಕರೆ ಅಜ್ಜಿಯೂ ನಗುತ್ತಾರೆ, ಅದೂ ಸರದಿಯೇ.

7. ಮುಖ, ನಗು, ಗುರುತು

ತನ್ನವರು ಯಾರು ಅಂತ ಈಗ ಗೊತ್ತಿರುತ್ತದೆ. ಕನ್ನಡಿ ಕಂಡರೆ ಖುಷಿ. ಜೋರಾಗಿ ಕೇಕೆ ಹಾಕಿ ನಗುತ್ತದೆ. ಸೆರಗು ಮುಖಕ್ಕೆ ಮುಚ್ಚಿ "ಅಮ್ಮ ಎಲ್ಲಿ?" ಅಂದು ತೆಗೆದರೆ ಹತ್ತು ಸಲವೂ ನಗುತ್ತದೆ. ಹೊಸಬರು ಎತ್ತಿಕೊಂಡರೆ ಅಳುವುದು ಮುಂದಿನ ತಿಂಗಳುಗಳಲ್ಲಿ ಜಾಸ್ತಿ ಆಗುತ್ತದೆ. ಐದನೇ ತಿಂಗಳಲ್ಲಿ ತವರಿನಿಂದ ಗಂಡನ ಮನೆಗೆ ಬಂದ ಮಗು ಎಲ್ಲರನ್ನೂ ನೋಡಿ ಅತ್ತರೆ ಬೇಸರ ಮಾಡಿಕೊಳ್ಳಬೇಡಿ. ಅದಕ್ಕೆ ಮನೆ ಹೊಸದು, ವಾಸನೆ ಹೊಸದು, ದನಿ ಹೊಸದು. ಒಂದು ವಾರ ಅಮ್ಮನ ತೊಡೆಯಿಂದಲೇ ಎಲ್ಲರನ್ನೂ ನೋಡಲಿ.

8. ಮೊದಲ ತುತ್ತು

ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ನೀರೂ ಬೇಡ. ತುಂಬಿದ ಮೇಲೆ ಎದೆಹಾಲಿನ ಜೊತೆ ಊಟ ಶುರು. ಅನ್ನಪ್ರಾಶನದ ಮುಹೂರ್ತ ಎಂಟನೇ ತಿಂಗಳಿಗೆ ಸಿಕ್ಕಿದೆ ಅಂತ ಅಲ್ಲಿಯವರೆಗೆ ಕಾಯಬೇಡಿ. ಹೊರನಾಡಿಗೆ ಆಮೇಲೆ ಹೋದರೂ ತಾಯಿ ಅನ್ನಪೂರ್ಣೆ ಬೇಡ ಅನ್ನುವುದಿಲ್ಲ. ಹುಟ್ಟುವಾಗ ಮಗುವಿನ ಮೈಯಲ್ಲಿದ್ದ ಕಬ್ಬಿಣದ ಅಂಶ ಈ ಹೊತ್ತಿಗೆ ಕಡಿಮೆ ಆಗಿರುತ್ತದೆ, ಎದೆಹಾಲೊಂದರಿಂದ ಅದು ತುಂಬುವುದಿಲ್ಲ. ಅದಕ್ಕೇ ಸರ್ಕಾರದ ಕಾರ್ಯಕ್ರಮದಲ್ಲಿ ಆರು ತಿಂಗಳಿನಿಂದ ವಾರಕ್ಕೆ ಎರಡು ಸಲ ಕಬ್ಬಿಣದ ಸಿರಪ್ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯಿರಿ.

ಮಗು ಸಿದ್ಧವಾಗಿದೆಯಾ ಅಂತ ಹೇಗೆ ತಿಳಿಯುವುದು? ಕತ್ತು ಗಟ್ಟಿ ನಿಲ್ಲಬೇಕು, ಆಸರೆ ಕೊಟ್ಟರೆ ಕೂರಬೇಕು, ಬಾಯಿಗೆ ಇಟ್ಟದ್ದನ್ನು ನಾಲಿಗೆಯಿಂದ ಪೂರ್ತಿ ಹೊರಗೆ ತಳ್ಳಬಾರದು. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಪುಡಿ ಮಾಡಿ, ಬಟ್ಟೆಯಲ್ಲಿ ಜರಡಿ ಹಿಡಿದ ಹಿಟ್ಟಿನ ಸರಿ ನಮ್ಮಲ್ಲಿ ಮೊದಲಿನಿಂದ ಇದೆ. ಬೇಳೆ ಅನ್ನ ಕಿವುಚಿದ್ದು, ಬಾಳೆಹಣ್ಣು, ಬೆಂದ ಕುಂಬಳಕಾಯಿ ಎಲ್ಲ ಆಗುತ್ತದೆ. ಸರಿ ನೀರಾಗಿರಬಾರದು. ಚಮಚ ಓರೆ ಮಾಡಿದರೆ ತಕ್ಷಣ ಸುರಿಯದ ಹಾಗೆ ಗಟ್ಟಿ ಇರಲಿ. ಎರಡು ಮೂರು ದೊಡ್ಡ ಚಮಚದಷ್ಟು, ದಿನಕ್ಕೆ ಎರಡು ಮೂರು ಸಲ. ತುಟಿ ಬಿಗಿ ಮಾಡಿ ತಲೆ ತಿರುಗಿಸಿದರೆ ಸಾಕು ಅಂತ ಹೇಳುತ್ತಿದೆ ಅಂತ ತಿಳಿಯಿರಿ. ಅದೂ ಈ ವಯಸ್ಸಿನ ಒಂದು ಕಲಿಕೆ. ಮೂಗು ಹಿಡಿದು ತುರುಕಬೇಡಿ.

ಒಂದು ವರ್ಷದವರೆಗೆ ಜೇನುತುಪ್ಪ ನಾಲಿಗೆಗೂ ಸವರಬೇಡಿ. ಅದರಿಂದ ಚಿಕ್ಕ ಮಕ್ಕಳಿಗೆ ನರಗಳ ಬಲ ಕುಂದಿಸುವ ಬಾಟ್ಯುಲಿಸಂ ಬರಬಹುದು. ಉಪ್ಪು, ಕುಡಿಯಲು ಹಸುವಿನ ಹಾಲು ಕೂಡ ಒಂದು ವರ್ಷ ಆದ ಮೇಲೆ. ಸಕ್ಕರೆ ಎರಡು ವರ್ಷ ಆದ ಮೇಲೆ.

ಹಲ್ಲಿನ ಬಗ್ಗೆ ಚಿಂತೆ ಬಿಡಿ. ನಾಲ್ಕನೇ ತಿಂಗಳಿಗೂ ಬರಬಹುದು, ವರ್ಷಕ್ಕೂ ಬರಬಹುದು. ಆದರೆ ಜೋರು ಜ್ವರ, ಭೇದಿ ಬಂದರೆ "ಹಲ್ಲು ಬರ್ತಿದೆ" ಅಂತ ಸುಮ್ಮನಿರಬೇಡಿ. ಹಲ್ಲಿನಿಂದ ಅಷ್ಟು ಆಗುವುದಿಲ್ಲ.

9. ಮಗು ಹೊರಳುವ ಮೊದಲೇ ಮನೆ ಸಿದ್ಧ ಮಾಡಿ

ಮಗಳಿಗೆ ಐದು ತುಂಬಿ ನಾಲ್ಕು ದಿನ. ಮಂಚದ ನಡುವೆ ಮಲಗಿಸಿ ಅಡುಗೆಮನೆಗೆ ಹೋದೆ, ಹಾಲು ಉಕ್ಕುವ ಹೊತ್ತು. ಹಿಂದಿನ ದಿನದವರೆಗೂ ಅವಳು ಪೂರ್ತಿ ಹೊರಳಿರಲಿಲ್ಲ. ಧಡ್ ಅಂತ ಸದ್ದು, ಆಮೇಲೆ ಒಂದು ಕ್ಷಣ ಮೌನ, ಆಮೇಲೆ ಅಳು. ಆ ಒಂದು ಕ್ಷಣವನ್ನು ನಾನು ಮರೆತಿಲ್ಲ. ಹಣೆ ಊದಿತ್ತು, ಬೇರೇನೂ ಆಗಲಿಲ್ಲ. ಅವತ್ತಿನಿಂದ ಹಾಸಿಗೆ ನೆಲಕ್ಕೆ ಬಂತು. ಮೊದಲ ಸಲ ಹೊರಳುವುದು ನೀವು ನೋಡುತ್ತಿರುವಾಗಲೇ ಆಗಬೇಕು ಅಂತ ಏನೂ ಇಲ್ಲ, ಹಾಗಾಗಿ ನಾಲ್ಕನೇ ತಿಂಗಳಿನಿಂದಲೇ ಮಂಚ, ಸೋಫಾ, ಮೇಜಿನ ಮೇಲೆ ಒಂಟಿಯಾಗಿ ಬಿಡಬೇಡಿ. ತೊಟ್ಟಿಲು, ಸೀರೆಯ ಜೋಳಿಗೆಯಲ್ಲಿ ಮಲಗಿಸುವ ಮನೆಗಳಲ್ಲಿ ಮಗು ಕೈ ಊರಿ ಏಳಲು ಶುರು ಮಾಡಿದ ಮೇಲೆ ನೆಲದ ಹಾಸಿಗೆಗೆ ಬದಲಿಸಿ. ಮಗು ತಲೆಗೆ ಪೆಟ್ಟು ಬಿದ್ದು ವಾಂತಿ ಮಾಡಿದರೆ, ಮಂಕಾದರೆ, ಎಬ್ಬಿಸಲು ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ.

ಇನ್ನು ಚಿಕ್ಕ ವಸ್ತುಗಳು. ಕೈಗೆ ಕಟ್ಟಿದ ಬಜೆ ಬಳೆ, ಕರಿಮಣಿ, ದೃಷ್ಟಿಮಣಿ, ಕಾಲ್ಗೆಜ್ಜೆಯ ಸಡಿಲ ಗೆಜ್ಜೆ ಎಲ್ಲ ಈಗ ಬಾಯಿಗೆ ಹೋಗುತ್ತವೆ. ದಾರ ಹರಿದರೆ ಮಣಿ ಗಂಟಲಿಗೆ. ಹಿರಿಯರಿಗೆ ನೋವಾಗದ ಹಾಗೆ ಹೇಳಿ ಬಿಚ್ಚಿಡಿ, ದೇವರ ಮುಂದೆ ಇಟ್ಟರೂ ಆಯಿತು. ರಿಮೋಟ್, ಆಟಿಕೆಗಳಲ್ಲಿರುವ ನಾಣ್ಯದಂಥ ಚಪ್ಪಟೆ ಬ್ಯಾಟರಿ ಎಲ್ಲಕ್ಕಿಂತ ಅಪಾಯ. ಗಂಟಲಿನ ಕೆಳಗೆ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಅನ್ನನಾಳ ಸುಡಬಲ್ಲದು. ನುಂಗಿದೆ ಅಂತ ಅನುಮಾನ ಬಂದರೂ ಸಾಕು, ಆಸ್ಪತ್ರೆಗೆ ಓಡಬೇಕು.

10. ಇವು ಕಂಡರೆ ಕಾಯಬೇಡಿ

ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ತನ್ನ ಬೆಳವಣಿಗೆಯ ಪಟ್ಟಿಯನ್ನು 2022ರಲ್ಲಿ ಬದಲಿಸಿತು. ಸರಾಸರಿ ಮಗು ಏನು ಮಾಡುತ್ತದೆ ಅನ್ನುವುದನ್ನು ಬಿಟ್ಟು, ನೂರಕ್ಕೆ 75 ಮಕ್ಕಳಾದರೂ ಆ ವಯಸ್ಸಿಗೆ ಮಾಡುವುದನ್ನು ಮಾತ್ರ ಬರೆಯಿತು. ಸರಾಸರಿಯ ಪಟ್ಟಿ ಹಿಡಿದರೆ ಅರ್ಧ ಮಕ್ಕಳು ಹಿಂದೆ ಬಿದ್ದ ಹಾಗೆ ಕಾಣುತ್ತವೆ, ಆಗ ಡಾಕ್ಟರೂ "ಕಾದು ನೋಡೋಣ" ಅನ್ನುತ್ತಾರೆ. ಹೊಸ ಪಟ್ಟಿಯಲ್ಲಿರುವುದು ಮಗುವಿಗೆ ಬಾರದಿದ್ದರೆ ಕಾಯದೆ ಕೇಳಿ ಅನ್ನುವುದು ಅವರ ಉದ್ದೇಶ. ನನಗೂ ಅದೇ ಸರಿ ಅನಿಸುತ್ತದೆ. ಹೋಗಿ ತೋರಿಸಿ ಏನೂ ಇಲ್ಲ ಅನ್ನಿಸಿಕೊಂಡು ಬಂದರೆ ನಷ್ಟ ಏನಿಲ್ಲ ಅಲ್ವಾ?

ಆರು ತಿಂಗಳು ತುಂಬಿದರೂ ಕತ್ತು ನಿಲ್ಲದಿದ್ದರೆ, ಯಾವ ಕಡೆಗೂ ಹೊರಳದಿದ್ದರೆ, ವಸ್ತುವಿಗೆ ಕೈ ಚಾಚದಿದ್ದರೆ, ನಗದಿದ್ದರೆ, ದನಿ ಮಾಡದಿದ್ದರೆ, ಸದ್ದಿಗೆ ತಿರುಗದಿದ್ದರೆ ತೋರಿಸಿ. ಎತ್ತಿಕೊಂಡಾಗ ಮೈ ಮರದ ಹಾಗೆ ಬಿಗಿಯಾಗಿದ್ದರೆ, ಇಲ್ಲವೇ ಬಟ್ಟೆಯ ಹಾಗೆ ಜೋತುಬಿದ್ದರೆ ತೋರಿಸಿ. ಕಣ್ಣು ಮೆಳ್ಳೆಯಾಗಿ ಕಂಡರೆ "ಅದೃಷ್ಟದ ಕಣ್ಣು" ಅಂತ ಬಿಡಬೇಡಿ, ನಾಲ್ಕು ತಿಂಗಳ ನಂತರವೂ ಮೆಳ್ಳೆ ಇದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಬೇಕು. ಫೋಟೊದಲ್ಲಿ ಪಾಪೆ ಬಿಳಿಯಾಗಿ ಹೊಳೆದರೆ ಆ ವಾರವೇ ಹೋಗಿ. ಕಣ್ಣಿನೊಳಗಿನ ಗಡ್ಡೆಗೂ ಅದು ಗುರುತಾಗಿರಬಹುದು. ಮೊದಲು ಮಾಡುತ್ತಿದ್ದದ್ದನ್ನು ಮಗು ನಿಲ್ಲಿಸಿಬಿಟ್ಟರೆ, ನಗುತ್ತಿದ್ದದ್ದು ನಗದೇ ಹೋದರೆ, ಅದು ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ.

ಒಂದು ಲಕ್ಷಣದ ಬಗ್ಗೆ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಬಹಳ ಮಂದಿಗೆ ಅದು ಗೊತ್ತಿಲ್ಲ. ನಿದ್ದೆಯಿಂದ ಎದ್ದ ಕೂಡಲೇ ಮಗು ತಲೆ ಮುಂದಕ್ಕೆ ಬಾಗಿಸಿ, ಎರಡೂ ಕೈ ಮೇಲಕ್ಕೆ ಹಾರಿಸಿ, ಹೊಟ್ಟೆ ಮಡಿಚಿದ ಹಾಗೆ ಒಮ್ಮೆ ಝಾಡಿಸುತ್ತದೆ. ಒಂದೆರಡು ಸೆಕೆಂಡು ಅಷ್ಟೇ. ಬಿಡುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ. ಹೀಗೆ ಹತ್ತು, ಇಪ್ಪತ್ತು ಸಲ ಸಾಲಾಗಿ ಬರುತ್ತದೆ. ಮನೆಯವರು ಬೆಚ್ಚಿಬಿತ್ತು ಅನ್ನುತ್ತಾರೆ, ಹೊಟ್ಟೆನೋವು ಅನ್ನುತ್ತಾರೆ, ದೃಷ್ಟಿ ತೆಗೆಯುತ್ತಾರೆ. ಇದು ಮಕ್ಕಳಿಗೆ ಬರುವ ಒಂದು ಬಗೆಯ ಫಿಟ್ಸ್ ಆಗಿರಬಹುದು. ನಾಲ್ಕರಿಂದ ಏಳು ತಿಂಗಳ ನಡುವೆಯೇ ಜಾಸ್ತಿ ಶುರುವಾಗುತ್ತದೆ. ಮಗು ಮಂಕಾಗುತ್ತದೆ, ಕಲಿತದ್ದನ್ನು ಬಿಡುತ್ತದೆ. ಔಷಧ ಇದೆ. ಎಷ್ಟು ಬೇಗ ಶುರು ಮಾಡುತ್ತೇವೋ ಮಗುವಿನ ಮೆದುಳಿಗೆ ಅಷ್ಟು ಒಳ್ಳೆಯದು. ಹಾಗೆ ಝಾಡಿಸುವುದನ್ನು ಕಂಡರೆ ಫೋನಿನಲ್ಲಿ ವಿಡಿಯೊ ಮಾಡಿಕೊಂಡು ಅದೇ ದಿನ ಹೋಗಿ. ಬಾಯಲ್ಲಿ ಹೇಳಿದರೆ ಡಾಕ್ಟರಿಗೂ ಗುರುತಿಸುವುದು ಕಷ್ಟ, ವಿಡಿಯೊ ನೋಡಿದರೆ ತಿಳಿಯುತ್ತದೆ.

11. ಎಲ್ಲಿಗೆ ಹೋಗುವುದು, ಏನು ತೆಗೆದುಕೊಂಡು ಹೋಗುವುದು

ಮೊದಲು ನಿಮ್ಮ ಮಕ್ಕಳ ಡಾಕ್ಟರು ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಕ ಹಾಕಿಸಿ ತಾಯಿ ಕಾರ್ಡಿನಲ್ಲಿ ಗುರುತು ಹಾಕಿಸಿ. ಐದಾರು ತಿಂಗಳಿಗೆ ತೂಕ ಹುಟ್ಟಿದಾಗಿನದರ ಎರಡರಷ್ಟು ಆಗುವುದು ಸಾಮಾನ್ಯ. ಕಾರ್ಡಿನ ಗೆರೆ ಮೇಲಕ್ಕೆ ಹೋಗುತ್ತಿದೆಯಾ ಅನ್ನುವುದು ಮುಖ್ಯ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ನೋಡುತ್ತದೆ. ದೋಷ ಕಂಡರೆ ಡಿಇಐಸಿ ಅನ್ನುವ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸುತ್ತಾರೆ, ಅಲ್ಲಿ ತಪಾಸಣೆ, ವ್ಯಾಯಾಮ ಚಿಕಿತ್ಸೆ ಉಚಿತ. ಕಿವಿ ಮತ್ತು ಮಾತಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಫಿಟ್ಸ್, ನರದ ತೊಂದರೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

ಹೋಗುವಾಗ ಚೀಲದಲ್ಲಿ ಇರಬೇಕಾದದ್ದು ಇಷ್ಟು. ತಾಯಿ ಕಾರ್ಡ್. ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಅದರಲ್ಲಿ ಎಷ್ಟು ವಾರ, ಎಷ್ಟು ತೂಕ, ಹುಟ್ಟಿದ ಕೂಡಲೇ ಅತ್ತಿತ್ತಾ, ಕಾಮಾಲೆ ಇತ್ತಾ ಅಂತ ಇರುತ್ತದೆ. ಏಳು ದಿನ ಬರೆದ ಪುಸ್ತಕ. ಫೋನಿನಲ್ಲಿ ಎರಡು ಮೂರು ವಿಡಿಯೊ: ಬೋರಲು ಮಲಗಿದ್ದು, ಕೂರಿಸಿದ್ದು, ಚಮಚ ಹಿಡಿದದ್ದು. ಆಸ್ಪತ್ರೆಯಲ್ಲಿ ಹೊಸ ಮುಖ ನೋಡಿ ಮಗು ಅತ್ತು ಏನನ್ನೂ ಮಾಡದೇ ಇದ್ದರೂ ಡಾಕ್ಟರು ಮನೆಯ ವಿಡಿಯೊ ನೋಡಬಹುದು. ಸಾಲಿನಲ್ಲಿ ಕಾಯಬೇಕಾಗುತ್ತದೆ, ಒಂದು ಗಿಲಕಿ, ಹಾಸಲು ಒಂದು ಬಟ್ಟೆಯೂ ಇರಲಿ. ಮತ್ತೆ ಒಳಗೆ ಹೋದ ಮೇಲೆ "ಮಗು ಚೆನ್ನಾಗಿದೆ, ಸುಮ್ನೆ ತೋರಿಸೋಣ ಅಂತ ಬಂದ್ವಿ" ಅಂತ ಶುರು ಮಾಡಬೇಡಿ. ಯಾವುದು ನೋಡಿ ಭಯ ಆಯಿತೋ ಅದನ್ನೇ ಮೊದಲ ಮಾತಿನಲ್ಲಿ ಹೇಳಿ.